ಎಡಗಡೆಯ ಹಿಡಿಕೆ

ಮೊನ್ನೆ ನಮ್ಮ ಮನೆಯ ಎದುರಿಗೇ ಟ್ರ್ಯಾಕ್ಟರು ಹೂತುಕೊಂಡಿತು. ಶ್ರಾವಣದ ಮಳೆ ಹಿಡಿದಾಗ ಹತ್ತಿಮತ್ತೂರಿನ ಎರೆಮಣ್ಣು ಏನು ಮಾಡುತ್ತದೆಂಬುದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೂ ನಂಬುವುದಿಲ್ಲ. ಮೊದಲ ಹೆಜ್ಜೆಗೆ ಚಪ್ಪಲಿಯನ್ನು ಇಟ್ಟುಕೊಳ್ಳುತ್ತದೆ, ಎರಡನೆಯ ಹೆಜ್ಜೆಗೆ ಕಾಲನ್ನೇ ಕೇಳುತ್ತದೆ. ನಾನು ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಪಂಚಮಿಯ ಉಂಡಿಗಾಗಿ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಟ್ರ್ಯಾಕ್ಟರಿನ ಒಂದು ಗಾಲಿ ಗರಗರ ತಿರುಗಿ ಮಣ್ಣನ್ನು ನನ್ನ ಮೊರದ ತನಕ ಎರಚಿತು. ಇನ್ನೊಂದು ಗಾಲಿ, ಊಟಕ್ಕೆ ಏಳಿ ಎಂದರೂ ಏಳದ ಮುನಿಸಿನ ಬೀಗರ ಹಾಗೆ, ಅಲುಗಾಡದೆ ಕುಳಿತಿತ್ತು. ಕಾದ ರಬ್ಬರಿನ ವಾಸನೆ, ಹಸಿ ಎರೆಮಣ್ಣಿನ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದವು. ಬಡಿದದ್ದೇ ತಡ, ನನ್ನ ಎಡಗೈ ತಾನಾಗಿಯೇ ಮುಷ್ಟಿ ಕಟ್ಟಿತು.

ಟ್ರ್ಯಾಕ್ಟರು ನಡೆಸುತ್ತಿದ್ದವನು ನಮ್ಮ ಮೊಮ್ಮಗನ ಹತ್ತಿರ ಕೆಲಸಕ್ಕಿರುವ ಫಕೀರಪ್ಪ. ಅವನು ಕೆಳಗಿಳಿಯಲಿಲ್ಲ, ಯಾರನ್ನೂ ಕೂಗಲಿಲ್ಲ. ಸೀಟಿನ ಮೇಲೆ ಕುಳಿತಲ್ಲೇ ಹಿಮ್ಮಡಿಯಿಂದ ಏನನ್ನೋ ಒತ್ತಿದ. ಸುಮ್ಮನೆ ಕುಳಿತಿದ್ದ ಗಾಲಿಯೂ ಎದ್ದು ತಿರುಗತೊಡಗಿತು; ಟ್ರ್ಯಾಕ್ಟರು ಒಂದು ಸಲ ಗುಟುರು ಹಾಕಿ ಮೇಲೆ ಬಂದುಬಿಟ್ಟಿತು.

"ಅದೇನಪಾ ನೀ ತುಳಿದದ್ದು?" ಎಂದೆ.

"ಲಾಕ್ ಐತ್ರಿ ಆಯಿ. ತುಳದ್ರ ಎರಡೂ ಗಾಲಿ ಕೂಡೇ ತಿರಗತಾವು," ಎಂದ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿ, ಮುಂದೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದ.

ನೀವು ನಗಬಹುದು. ಕನ್ನಡ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮುದುಕಿಗೆ ಗಾಲಿಯ ಉಸಾಬರಿ ಏಕೆ? ಆದರೆ ಫಕೀರಪ್ಪನ ಹಿಮ್ಮಡಿಯ ಕೆಳಗಿದ್ದ ಆ ಅಂಗೈ ಅಗಲದ ಕಬ್ಬಿಣವನ್ನು ಹುಡುಕುತ್ತ ನಮ್ಮಣ್ಣ ತನ್ನ ಹರೆಯದ ಒಳ್ಳೆಯ ವರ್ಷಗಳನ್ನು ಕಳೆದಿದ್ದ. ಹುಡುಕಿದ್ದು ನನಗಾಗಿ.

ನಮ್ಮ ತವರು ಹಾನಗಲ್ಲು. ಅಪ್ಪ ತೀರಿದ ಮೇಲೆ ಅಡತಿ ಅಂಗಡಿ ಅಣ್ಣನ ಕೊರಳಿಗೆ ಬಿತ್ತು. ಕೊರಳಿಗೆ ಬಿದ್ದದ್ದನ್ನು ಅವನೇನೋ ಹೊತ್ತ, ಆದರೆ ಮನಸ್ಸು ಮಾತ್ರ ಮೋಟಾರಿನಲ್ಲಿತ್ತು. ಮಹಾಯುದ್ಧದ ಕಾಲ ಅದು. ಪೆಟ್ರೋಲು ರೇಶನ್ನಿನಲ್ಲಿ ಸಿಗುತ್ತಿತ್ತು. ಇದ್ದವರೇ ಮೋಟಾರು ಮಾರಿಕೊಳ್ಳುತ್ತಿದ್ದಾಗ ನಮ್ಮಣ್ಣ ಕೊಂಡ. ಹಿರೇಕೆರೂರಿನ ಒಬ್ಬ ಗೌಡರ ಹಿತ್ತಲಿನಲ್ಲಿ ಕೋಳಿಗಳು ಮಲಗುತ್ತಿದ್ದ ಮೋಟಾರು ಅದು. ಮೇಲಿನ ಛತ್ತು ಹರಿದು, ಬಾಗಿಲುಗಳು ಕಳಚಿ ಬಿದ್ದಿದ್ದವು. ಎತ್ತು ಕಟ್ಟಿ ಎಳೆದು ತಂದು ಹುಣಸೆಮರದ ಕೆಳಗೆ ನಿಲ್ಲಿಸಿದಾಗ ಅವ್ವ ಹೊರಗೆ ಬಂದು ನೋಡಿ, "ಎಲ್ಲಾರೂ ಎಮ್ಮಿ ಮಾರಾಕತ್ತಾರ, ಇವ ಮೇವಿಲ್ಲದ ಎಮ್ಮಿ ತಂದಾನ ನೋಡ," ಎಂದು ಒಳಗೆ ಹೋದಳು. ಅಂದಿನಿಂದ ಅಣ್ಣ ಅಂಗಡಿ ಮುಚ್ಚಿದೊಡನೆ ಅದರ ಕೆಳಗೆ ಸೇರುತ್ತಿದ್ದ. ಚಹಾ ಕೊಡಲು ಹೋದರೆ ನನಗೆ ಕಾಣುತ್ತಿದ್ದದ್ದು ಹೊರಗೆ ಚಾಚಿದ ಎರಡು ಪಾದಗಳು ಮಾತ್ರ. ಆ ದಿನಗಳಲ್ಲಿ ಅಣ್ಣನ ಮುಖಕ್ಕಿಂತ ಅವನ ಪಾದಗಳೇ ನನಗೆ ಹೆಚ್ಚು ಗುರುತಾಗಿದ್ದವು. ಎಡಗಾಲಿನ ಕಿರುಬೆರಳು ಉಳಿದವುಗಳ ಮೇಲೆ ಹತ್ತಿ ಕುಳಿತಿರುತ್ತಿತ್ತು.

ಯುದ್ಧ ಮುಗಿದ ವರ್ಷ ನನ್ನನ್ನು ಹತ್ತಿಮತ್ತೂರಿಗೆ ಕೊಟ್ಟರು. ಬೇಸಿಗೆಯ ಮದುವೆ. ಬೇಸಿಗೆಯಲ್ಲಿ ಎರೆಹೊಲ ಕಲ್ಲಿನ ಹಾಗೆ ಗಟ್ಟಿ. ಮೋಟಾರು ಬಂಕಾಪುರ, ಸವಣೂರು ದಾಟಿ ಧೂಳೆಬ್ಬಿಸುತ್ತ ಗಂಡನ ಮನೆಯ ಬಾಗಿಲಿಗೇ ಬಂದು ನಿಂತಿತು. ನನ್ನನ್ನು ಇಳಿಸಿ ಹೊರಡುವಾಗ ಅಣ್ಣ, "ಅಳಬ್ಯಾಡ ತಂಗಿ. ಪಂಚಮಿಗೆ ಬರ್ತೇನಿ. ಮುಂಜಾನೆ ಬಂದು ಸಂಜೀಕ ನಿನ್ನ ಹಾನಗಲ್ಲಾಗ ಇಳಸ್ತೇನಿ," ಎಂದ.

ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಗೆ ಹೋದವಳನ್ನು ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಅಲ್ಲಿ ಉಂಡಿ ತಿಂದು, ನಾಗಪ್ಪನಿಗೆ ಹಾಲೆರೆದು, ಜೋಕಾಲಿ ಜೀಕಿ ಬರಬೇಕು. ಕರೆಯಲು ಯಾರೂ ಬಾರದಿದ್ದರೆ ನೆರೆಹೊರೆಯವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಎರಡು ಉಂಡಿ ಹೆಚ್ಚು ತಂದುಕೊಡುತ್ತಾರೆ, ಅಷ್ಟೇ. ಆ ಎರಡು ಉಂಡಿ ಗಂಟಲಿನಲ್ಲಿ ಇಳಿಯುವುದಿಲ್ಲ. ನಮ್ಮತ್ತೆ ಕೆಟ್ಟವಳಲ್ಲ, ಆದರೆ ಲೆಕ್ಕದ ಹೆಂಗಸು. "ರೊಟ್ಟಿ ಹಬ್ಬಕ್ಕ ಹೋಗು. ಪಂಚಮಿ ಮರುದಿನ ದೀಪ ಹಚ್ಚೂದ್ರಾಗ ಬಂದಿರಬೇಕು. ಮನ್ಯಾಗ ಕೈಯಿಲ್ಲ," ಎಂದಳು. ರೊಟ್ಟಿ ಹಬ್ಬ ಬರುವುದು ಪಂಚಮಿಗೆ ಎರಡು ದಿನ ಮೊದಲು. ಎತ್ತಿನ ಬಂಡಿಯಲ್ಲಿ ಹಾನಗಲ್ಲಿಗೆ ಹೋಗಿ ಬರುವುದರಲ್ಲೇ ಆ ದಿನಗಳು ತೀರಿ ಹೋಗುತ್ತಿದ್ದವು. ನನ್ನ ಪಾಲಿಗೆ ಮೋಟಾರು ಬಂದರೆ ಹಬ್ಬ, ಬಾರದಿದ್ದರೆ ಇಲ್ಲ.

ಮೊದಲ ಪಂಚಮಿಗೆ ನಾನು ರೊಟ್ಟಿ ಹಬ್ಬದ ಬೆಳಗಿನಿಂದಲೇ ಇಳಕಲ್ಲ ಸೀರೆ ಉಟ್ಟು, ಗಂಟು ಕಟ್ಟಿ, ಮಾಳಿಗೆಯ ಮೇಲೆ ನಿಂತಿದ್ದೆ. ಮೋಟಾರಿನ ಸದ್ದು ಕೇಳಿತು. ಊರ ಮುಂದಿನ ತಗ್ಗಿನಲ್ಲಿ ಇಳಿದದ್ದೂ ಕಂಡಿತು. ಆಮೇಲೆ ಸದ್ದು ಮಾತ್ರ ಕೇಳುತ್ತಿತ್ತು, ಮೋಟಾರು ಬರುತ್ತಿರಲಿಲ್ಲ. ಒಂದು ಗಾಲಿ ಚಿಮ್ಮಿಸುತ್ತಿದ್ದ ಮಣ್ಣು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಅಣ್ಣ ಗೋಣಿಚೀಲ ಹಾಸಿದ, ಜೋಳದ ದಂಟು ಹಾಸಿದ, ಕೊನೆಗೆ ತನ್ನ ಕೋಟನ್ನೇ ಹಾಸಿದ. ಸಂಜೆಗೆ ನಮ್ಮ ಮನೆಯ ಎತ್ತುಗಳೇ ಹೋಗಿ ಅದನ್ನು ಎಳೆದವು, ಅದೂ ಹಿಂದಕ್ಕೆ, ಸವಣೂರಿನ ಕಡೆಗೆ. ಅತ್ತೆ ಬಾಗಿಲಲ್ಲಿ ನಿಂತು, "ಎತ್ತು ಹೂಡಿ ಜಗ್ಗೂ ಮೋಟಾರಿನ್ಯಾಗ ನನ್ನ ಸೊಸಿನ್ನ ಕಳಸೂದಿಲ್ಲ. ದಾರ್ಯಾಗ ಮತ್ತ ಹುಗದ್ರ ಹರೇದ ಹೆಣ್ಣು ಎಲ್ಲಿ ಇಳದು ಕುಂದರಬೇಕು?" ಎಂದಳು. ಪ್ರಶ್ನೆ ನ್ಯಾಯದ್ದೇ. ಅದಕ್ಕೇ ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅಣ್ಣ ಸೊಂಟದ ತನಕ ಕೆಸರಾಗಿ ಬಂದು, ಅವ್ವ ಕೊಟ್ಟ ಬಳೆಗಳನ್ನೂ ಸವಣೂರಿನ ಖಾರದ ಪೊಟ್ಟಣವನ್ನೂ ನನ್ನ ಕೈಗಿಟ್ಟ. "ಊಟ ಮಾಡ್ರಿ ಬೀಗರ," ಎಂದು ಅತ್ತೆ ಎಷ್ಟು ಹೇಳಿದರೂ ಎಲೆಗೆ ಕೂಡಲಿಲ್ಲ. ನನ್ನ ಕಡೆ ನೋಡದೆ, "ಒಂದು ಗಾಲಿ ಸುಮ್ನ ಕುಂತಿತ್ತು ತಂಗಿ. ಮುರದಿದ್ದಿಲ್ಲ, ಏನಿಲ್ಲ. ಸುಮ್ನ ಕುಂತಿತ್ತು," ಎಂದಷ್ಟೇ ಹೇಳಿ ಹೊರಟ.

ಮರುದಿನ ಹುತ್ತಕ್ಕೆ ಹಾಲೆರೆಯಲು ಹೋದೆವು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರಿಗೆ ಒಂದೊಂದು ಮಿಳ್ಳೆ ಹಾಲು ಎರೆಯುವುದು ಪದ್ಧತಿ. ನಾನು "ಅಣ್ಣನ ಪಾಲು" ಎಂದವಳೇ ಬಟ್ಟಲನ್ನು ಬೋರಲು ಹಾಕಿಬಿಟ್ಟೆ. "ಉಳದವ್ರಿಗೇನು ನೀರು ಹಾಕ್ತಿ?" ಎಂದಳು ಅತ್ತೆ.

ಸುಗ್ಗಿಯ ಮೇಲೆ ಬಂಡಿಯಲ್ಲಿ ತವರಿಗೆ ಹೋದಾಗ ನೋಡುತ್ತೇನೆ, ಅಣ್ಣ ಮೋಟಾರಿನ ಹಿಂಭಾಗವನ್ನು ಬಿಚ್ಚಿ ಹಾಸಿದ್ದಾನೆ. ಹಿಂದಿನ ಎರಡು ಗಾಲಿಗಳ ನಡುವೆ ಒಂದು ದುಂಡನೆಯ ಕಬ್ಬಿಣದ ಗಡ್ಡೆ ಇರುತ್ತದಲ್ಲ, ಅಣ್ಣ ಅದನ್ನು ಡಿಫರೆನ್ಷಿಯಲ್ ಎನ್ನುತ್ತಿದ್ದ. ಅವ್ವನಿಗೆ ಅದು ಉಳ್ಳಾಗಡ್ಡಿ. "ಉಳ್ಳಾಗಡ್ಡಿ ಹೆಚ್ಚೂದು ಮುಗೀತೇನಪಾ? ರೊಟ್ಟಿ ಆರಾಕತ್ತಾವು," ಎಂದು ಒಳಗಿನಿಂದ ಕೂಗುತ್ತಿದ್ದಳು. ಒಳಗಿನ ಹಲ್ಲುಚಕ್ರಗಳನ್ನು ಅಣ್ಣ ನನಗೆ ತೋರಿಸಿದ. ಮೋಟಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಜಗಳ ಬಾರದ ಹಾಗೆ ಈ ಚಕ್ರಗಳು ಹಂಚಿಕೊಡುತ್ತವಂತೆ.

"ಹಂಗಾದ್ರ ಚಲೋನ ಐತಲ್ಲ ಅಣ್ಣಾ?"

"ಗಟ್ಟಿ ನೆಲದ ಮ್ಯಾಲ ಚಲೋ. ಕೆಸರಿನ್ಯಾಗ ಕೆಡತೈತಿ. ಒಂದು ಗಾಲಿ ಜಾರಿ ಸುಮ್ಸುಮ್ನ ಕುಣೀತೈತಿ ಅನ್ನು, ಇದು ಇದ್ದಬಿದ್ದ ಶಕ್ತಿ ಎಲ್ಲಾ ಅದಕ್ಕ ಕೊಡತೈತಿ. ಜಗ್ಗೂ ಗಾಲಿಗಿ ಏನೂ ಕೊಡೂದಿಲ್ಲ. ಕುಣಿಯೋ ಮಗಗ ಆಸ್ತಿ ಎಲ್ಲಾ ಬರದುಕೊಟ್ಟು, ದುಡಿಯೋ ಮಗನ್ನ ಉಪಾಸ ಕೆಡವಿದ ಅಪ್ಪ ಇದ್ದಂಗ."

ಇದಕ್ಕೊಂದು ಬೀಗ ಇರುತ್ತದೆ, ಹಾಕಿದರೆ ಎರಡೂ ಗಾಲಿ ಒಂದಾಗಿ ತಿರುಗುತ್ತವೆ ಎಂದು ಅವನಿಗೆ ಯಾರೋ ಹೇಳಿದ್ದರು. ಯಾವುದೋ ದೇಶದ ಮಿಲಿಟರಿ ಲಾರಿಯಲ್ಲಿ ಕಂಡವರಿದ್ದರಂತೆ. ಅಣ್ಣ ಪುಣೆಗೆ ಹೋಗಿ, ಯುದ್ಧ ಮುಗಿದ ಮೇಲೆ ರಾಶಿ ಬಿದ್ದಿದ್ದ ಹಳೆಯ ಕಬ್ಬಿಣದಲ್ಲೆಲ್ಲ ಹುಡುಕಿದ. ಕೊನೆಗೆ ಒಂದನ್ನು ಹೊತ್ತು ತಂದ. ರೈಲಿನಿಂದ ಇಳಿಸಲು ಇಬ್ಬರು ಬೇಕಾದರು. ನಮ್ಮ ಮೋಟಾರಿಗೆ ಅದು ಕುರಿಮರಿಯ ಕೊರಳಿಗೆ ಎತ್ತಿನ ಗಂಟೆ. ಹಲ್ಲಿಗೆ ಹಲ್ಲು ಕೂಡಲಿಲ್ಲ. ಅವ್ವ ಅದನ್ನು ಹುಣಸೆಹಣ್ಣಿನ ಕೊಡದ ಮೇಲೆ ಭಾರಕ್ಕೆ ಇಟ್ಟುಕೊಂಡಳು. ಅಷ್ಟು ದೂರದಿಂದ ಬಂದದ್ದು ಅಂತೂ ಒಂದು ಕೆಲಸಕ್ಕೆ ಬಂತೆಂದು ಅವಳಿಗೆ ಸಮಾಧಾನ.

ಬೀಗ ಸಿಗದಿದ್ದರೆ ಬೆಸುಗೆ. ಎರಡನೆಯ ವರ್ಷದ ಪಂಚಮಿ ಹತ್ತಿರ ಬಂದಾಗ ಅಣ್ಣ ಹುಬ್ಬಳ್ಳಿಗೆ ಹೋಗಿ ಆ ಹಲ್ಲುಚಕ್ರಗಳನ್ನೆಲ್ಲ ಒಂದಕ್ಕೊಂದು ಬೆಸೆಯಿಸಿಕೊಂಡು ಬಂದ. ಹಂಚುವ ಮಾತೇ ಇಲ್ಲ. ನಾನು ಮತ್ತೆ ಅದೇ ಸೀರೆ ಉಟ್ಟು ಮಾಳಿಗೆಯ ಮೇಲೆ ನಿಂತಿದ್ದೆ. ಮೋಟಾರು ತಗ್ಗಿನಲ್ಲಿ ಇಳಿಯಿತು, ಎರಡೂ ಗಾಲಿಗಳಿಂದ ಮಣ್ಣು ತೂರುತ್ತ ಮೇಲೆದ್ದು ಬಂತು! ನಾನು ಮಾಳಿಗೆಯ ಮೇಲೇ ಚಪ್ಪಾಳೆ ತಟ್ಟಿಬಿಟ್ಟೆ. ಸೊಸೆಯೆಂಬುದು ಮರೆತೇ ಹೋಗಿತ್ತು. ಆದರೆ ನಮ್ಮ ಓಣಿಗೆ ಬರಬೇಕಾದರೆ ಹನುಮಪ್ಪನ ಗುಡಿಯ ಮೂಲೆಯಲ್ಲಿ ಹೊರಳಬೇಕು. ಬೆಸೆದ ಗಾಲಿಗಳು ಒಂದೇ ಹೆಜ್ಜೆ ಹಾಕುತ್ತವೆ, ಹೊರಳಲು ಒಪ್ಪುವುದಿಲ್ಲ. ಅಣ್ಣ ಸ್ಟಿಯರಿಂಗ್ ಚಕ್ರವನ್ನು ಎಷ್ಟು ತಿರುವಿದರೂ ಮೋಟಾರು ನೆಟ್ಟಗೆ ಹೋಗಿ ನಮ್ಮ ತಿಪ್ಪೆಯೊಳಗೆ ನುಗ್ಗಿತು. ಒಳಗಿನ ಅಚ್ಚು ಫಟ್ಟೆಂದು ಮುರಿದದ್ದು ಮಾಳಿಗೆಯ ತನಕ ಕೇಳಿತು.

"ಹ್ವಾದ ವರ್ಷ ಊರ ಹೊರಗ ನಿಂತಿತ್ತು, ಈ ವರ್ಷ ತಿಪ್ಪಿಗಿ ಬಂದೈತಿ. ಬರೂ ವರ್ಷ ಅಡಿಗಿಮನಿ ಮಟ ಬರತೈತಿ ಬಿಡ," ಎಂದಳು ಅತ್ತೆ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಒಳಗೆ ಹೋಗಿ ಜೋಳ ತುಂಬಿಡುವ ಹಗೇವಿನ ಮೂಲೆಯಲ್ಲಿ ಕುಳಿತು ಅತ್ತುಬಿಟ್ಟೆ.

ತಿಪ್ಪೆಯಿಂದ ಮೋಟಾರನ್ನು ಎಳೆಯಲು ನಮ್ಮ ಮನೆಯವರು ಎತ್ತುಗಳನ್ನು ಹೂಡಿದರು. ಬಲಗಡೆಯದು ಉರಿ ಎತ್ತು. ತಾನೊಂದೇ ಜಿಗಿಜಿಗಿದು ಗೊಬ್ಬರದಲ್ಲಿ ಕಾಲು ಜಾರಿಸಿಕೊಳ್ಳುತ್ತಿತ್ತು. ಎಡಗಡೆಯದು ಸುಮ್ಮನೆ ನಿಂತಿತ್ತು. ಮನೆಯವರು ಉರಿ ಎತ್ತಿನ ಮೂಗುದಾರದ ಹಗ್ಗವನ್ನು ಬಿಗಿಯಾಗಿ ಹಿಡಿದರು. ಅದು ತಡೆದು ನಿಂತದ್ದೇ ಇನ್ನೊಂದು ಭುಜ ಕೊಟ್ಟು ಎಳೆಯಿತು, ಮೋಟಾರು ಅಲುಗಾಡಿತು. ಅಣ್ಣ ಕೆಸರಿನಲ್ಲಿ ನಿಂತವನು ನಿಂತಂತೆಯೇ ಉಳಿದ.

"ಏನ್ ಮಾಡಿದ್ರಿ ಮಾವಾರ, ಈಗ?" ಎಂದು ನಮ್ಮ ಮನೆಯವರನ್ನು ಕೇಳಿದ.

"ಏನಿಲ್ರಿ. ಕುಣಿಯೋದನ್ನ ಹಿಡದ್ರ ಸುಮ್ನಿದ್ದದ್ದು ಜಗ್ಗತೈತಿ," ಎಂದರು ನಮ್ಮ ಮನೆಯವರು.

"ಇನ್ನೊಮ್ಮೆ ಹಿಡೀರಿ," ಎಂದ ಅಣ್ಣ. ಭಾವಮೈದುನನಿಗೆ ತಲೆ ಕೆಟ್ಟಿತೆಂದು ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಮಾತ್ರ ಅಣ್ಣನ ಮುಖ ನೋಡುತ್ತಿದ್ದೆ. ಕೆಸರು ಮೆತ್ತಿದ ಆ ಮುಖದಲ್ಲಿ ಹಬ್ಬ ಬಂದಿತ್ತು.

ಮೂರನೆಯ ವರ್ಷ ಅವನು ಬೆಸುಗೆಯ ಚಕ್ರಗಳನ್ನು ತೆಗೆದು ಬೇರೆ ಹಾಕಿಸಿದ. ಹಿಂದಿನ ಗಾಲಿಗಳ ಬ್ರೇಕನ್ನು ಬೇರೆ ಬೇರೆ ಮಾಡಿ ಎರಡು ಕಬ್ಬಿಣದ ಹಿಡಿಕೆ ಕೂಡಿಸಿದ, ಬಲಗಡೆ ಒಂದು, ಎಡಗಡೆ ಒಂದು. ಯಾವ ಗಾಲಿ ಕುಣಿಯುತ್ತದೋ ಅದರ ಹಿಡಿಕೆ ಎಳೆದರೆ ಆ ಗಾಲಿ ತಡೆಯುತ್ತದೆ, ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ. ಉರಿ ಎತ್ತಿನ ಹಗ್ಗ ಹಿಡಿದ ಹಾಗೆಯೇ. ಎಲ್ಲ ಸರಿಯಾಯಿತು, ಒಂದು ಮಾತ್ರ ಮರೆತಿದ್ದ. ಮೋಟಾರು ನಡೆಸುವವನು ಕೂಡುವುದು ಬಲಗಡೆ. ಎಡಗಡೆಯ ಹಿಡಿಕೆ ಅವನ ಕೈಗೆ ಎಟುಕುವುದಿಲ್ಲ. ಆ ದಿನ ಅವನು ನಮ್ಮ ಬಾಗಿಲಿಗೆ ಬಂದದ್ದು ಹೇಗೆಂದರೆ, ಎಡಗಡೆಯ ಹಿಡಿಕೆಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು! ತುಟಿ ಬಾತು ಕೆಂಪಾಗಿತ್ತು. ಆದರೂ ನಗುತ್ತಿದ್ದ.

ಅತ್ತೆ ಹೊರಗೆ ಬಂದು ಮೋಟಾರನ್ನು ನೋಡಿದಳು, ತುಟಿಯನ್ನು ನೋಡಿದಳು, ಹಗ್ಗವನ್ನು ನೋಡಿದಳು. "ಹೋಗುವಾಗನೂ ಕಚಗೊಂಡ ಹೋಗಾವ್ರನ್ರಿ?"

"ಇಲ್ರಿ ಅತ್ತಿ. ತಂಗಿ ಮುಂದ ಕುಂತು ಎಡಗಡೆದ್ದು ಹಿಡೀಬೇಕು," ಎಂದ.

ಮಾವ, ಭಾವಂದಿರು ಓಡಾಡುವ ಓಣಿಯಲ್ಲಿ ಸೊಸೆಯಾದವಳು ಮೋಟಾರಿನ ಮುಂದೆ ಕೂಡುವುದೆಂದರೇನು! ಓಣಿಯ ಹೆಂಗಸರೆಲ್ಲ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಗಂಟು ನನ್ನ ಕಂಕುಳಲ್ಲೇ ಇತ್ತು. ಅತ್ತೆ ನನ್ನ ಸೆರಗನ್ನು ಮುಂದಕ್ಕೆ ಎಳೆದು, "ಸೆರಗು ತಲಿ ಮ್ಯಾಲ ಇರಲಿ. ಕೈ ಹಿಡಿಕಿ ಮ್ಯಾಲ ಇರಲಿ. ಹೋಗಿ ಬಾ," ಎಂದಳು. ಆ ಒಂದು ಮಾತಿಗಾಗಿ ಅವಳ ಮೇಲಿನ ಸಿಟ್ಟನ್ನೆಲ್ಲ ಅಲ್ಲಿಯೇ ಬಿಟ್ಟು ಹತ್ತಿದೆ.

ಆ ಪ್ರಯಾಣವನ್ನು ಹೇಗೆ ಹೇಳಲಿ? "ಹಿಡಿ!" ಎಂದರೆ ಎಳೆಯಬೇಕು, "ಬಿಡು!" ಎಂದರೆ ಬಿಡಬೇಕು. ಮೊದಮೊದಲು ನಾನು ಹಿಡಿ ಎಂದಾಗ ಗಾಬರಿಯಾಗಿ ಬಿಟ್ಟೆ, ಬಿಡು ಎಂದಾಗ ಎಳೆದೆ. ಮೋಟಾರು ಯಾರದೋ ಹೆಸರುಕಾಳಿನ ಹೊಲಕ್ಕೆ ಮುಖ ಮಾಡಿತು. ಅಣ್ಣ ಬಯ್ಯಲಿಲ್ಲ. ಆ ತಗ್ಗು ಬಂದಾಗ ನನ್ನ ಕಡೆಯ ಗಾಲಿಯೇ ಜಾರಿ ಕುಣಿಯತೊಡಗಿತು. "ಹಿಡಿ ತಂಗಿ!" ಎಂದ. ಕಾಲನ್ನು ಹಲಗೆಗೆ ಒತ್ತಿ, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದೆ. ಹೊಸ ಬಳೆಗಳು ಚೂರಾದವು. "ಅಣ್ಣಾ, ಬಳಿ!" ಎಂದು ಕೂಗಿದೆ. "ಬ್ಯಾರೆ ತೊಡಸ್ತೇನಿ, ನೀ ಹಿಡಿ!" ಎಂದ. ಆಗ ಬಲಗಡೆಯ ಗಾಲಿ ಮಣ್ಣು ಕಚ್ಚಿತು. ಮೋಟಾರು ನಿಧಾನವಾಗಿ, ಎಮ್ಮೆ ಕೆರೆಯಿಂದ ಏಳುವ ಹಾಗೆ, ತಗ್ಗಿನಿಂದ ಎದ್ದು ಬಂತು. ಅಣ್ಣ ಕೂಗಾಡಲಿಲ್ಲ, ಹಿಗ್ಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದ. ಎಲೆತೋಟಗಳು ಬಂದವು, ಸವಣೂರು ಬಂತು, ಗಾಲಿಗಳ ಕೆಳಗೆ ಜಲ್ಲಿಯ ಸದ್ದು ಕೇಳಿತು. ನಾನು ಹಿಡಿದೇ ಇದ್ದೆ.

"ಬಿಡು ತಂಗಿ, ರಸ್ತೆ ಬಂತು," ಎಂದು ಅಣ್ಣ ನಕ್ಕ.

ಅಂಗೈ ಬೊಬ್ಬೆಯೆದ್ದು ಆ ಪಂಚಮಿಗೆ ಜೋಕಾಲಿಯ ಹಗ್ಗ ಹಿಡಿಯಲಾಗಲಿಲ್ಲ. ಅವ್ವ ಕೈಗೆ ಬೆಣ್ಣೆ ಸವರಿ ಉಂಡಿಯನ್ನು ಬಾಯಿಗೇ ಇಟ್ಟಳು. ಅಂಥ ರುಚಿಯ ಉಂಡಿಯನ್ನು ನಾನು ಮತ್ತೆ ತಿಂದಿಲ್ಲ.

ಇನ್ನೂ ಎರಡು ಪಂಚಮಿಗಳಿಗೆ ಅಣ್ಣ ಬಂದ. ಆಮೇಲಿನ ಚಳಿಗಾಲದಲ್ಲಿ ವಿಷಮಜ್ವರ ಬಂದು, ನಾವು ಹೋಗಿ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಹೊದಿಕೆಯ ಹೊರಗೆ ಆ ಎರಡು ಪಾದಗಳು ಕಾಣುತ್ತಿದ್ದವು. ಚಹಾ ತಂದೇನಿ ಅಣ್ಣಾ ಎಂದರೆ ಎದ್ದು ಬರುತ್ತಾನೇನೋ ಎನ್ನಿಸಿತು. ಮೋಟಾರು ಹಳೆಯ ಕಬ್ಬಿಣದವರ ಪಾಲಾಯಿತು. ನಾನು ತವರಿಗೆ ಹೋಗಲಿಲ್ಲವೆಂದಲ್ಲ. ರಸ್ತೆಯಾಯಿತು, ಬಸ್ಸು ಬಂತು, ಬೇಕೆಂದಾಗ ಹತ್ತಿ ಹೋದೆ. ಆದರೆ ಹೋಗುವುದು ಬೇರೆ, ಕರೆಯಲು ಬರುವುದು ಬೇರೆ. ಶ್ರಾವಣದಲ್ಲಿ ದೂರದಲ್ಲಿ ಯಾವ ಗಾಡಿಯ ಸದ್ದಾದರೂ ನನ್ನ ಕಿವಿ ಇಂದಿಗೂ ಮಾಳಿಗೆ ಹತ್ತುತ್ತದೆ. ಹುತ್ತದ ಮುಂದೆ ಪಾಲು ಹೇಳುವಾಗ ಅವ್ವನ ಪಾಲಾದ ಮೇಲೆ ನಾಲಿಗೆ ತಡೆಯುತ್ತಿತ್ತು. ಮುಂದಿನದನ್ನು ಬಿಟ್ಟು ಗಂಡ ಮಕ್ಕಳ ಪಾಲಿಗೆ ಹೋಗುತ್ತಿದ್ದೆ. ಇಷ್ಟು ವರ್ಷ ನನಗೆ ಒಂದೇ ಕೊರಗು. ಅಷ್ಟೊಂದು ಹುಡುಕಿದ ನಮ್ಮಣ್ಣನಿಗೆ ಆ ಬೀಗ ಸಿಗಲೇ ಇಲ್ಲವಲ್ಲ ಎಂದು.

ಮೊನ್ನೆ ಮೊರ ಪಕ್ಕಕ್ಕಿಟ್ಟು, ಕೋಲು ಊರುತ್ತ ಬೇವಿನ ಗಿಡದ ತನಕ ಹೋದೆ. "ಫಕೀರಪ್ಪಾ, ಅದನ್ನ ಇನ್ನೊಮ್ಮೆ ತುಳದು ತೋರಸಪಾ," ಎಂದೆ. ತುಳಿದ. ಹಿಮ್ಮಡಿಯ ಕೆಳಗೆ ಅದು ಸದ್ದಿಲ್ಲದೆ ಕೆಳಗಿಳಿಯಿತು.

"ಮಗ್ಗಲದಾಗ ಯಾರೂ ಹಿಡಕೊಂಡು ಕುಂದರೂದು ಬ್ಯಾಡನು?"

"ಯಾರೂ ಬ್ಯಾಡ್ರಿ ಆಯಿ. ಒಬ್ಬನ ಸಾಕು. ಮಗ್ಗಲಕ್ಕ ಸೀಟರ ಎಲ್ಲೈತ್ರಿ?"

ಹೌದು, ಪಕ್ಕದಲ್ಲಿ ಸೀಟೇ ಇರಲಿಲ್ಲ. ಆ ಬೀಗ ಪುಣೆಯಲ್ಲಿ ಸಿಕ್ಕಿದ್ದರೆ ಅಣ್ಣ ಒಬ್ಬನೇ ತುಳಿದುಕೊಂಡು ಬರುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಗಂಟಿನ ಜೊತೆ ಇನ್ನೊಂದು ಗಂಟಾಗಿ, ಮುಸುಕು ಹಾಕಿಕೊಂಡು ತವರು ಸೇರುತ್ತಿದ್ದೆ. ಹಿಡಿ ಎನ್ನುವುದಿರಲಿಲ್ಲ, ಬಿಡು ಎನ್ನುವುದಿರಲಿಲ್ಲ. ತಗ್ಗಿನಿಂದ ಎದ್ದು ಬಂದಾಗ ಅವನು ನೋಡಿದ ಆ ನೋಟವೂ ಇರುತ್ತಿರಲಿಲ್ಲ. ಸಿಗದೇ ಇದ್ದದ್ದೇ ಒಳ್ಳೆಯದಾಯಿತು ಅಣ್ಣಾ ಎಂದು ಆ ಗಿಡದ ಕೆಳಗೆ ನಿಂತು ಮೊದಲ ಸಲ ಅಂದುಕೊಂಡೆ. ಫಕೀರಪ್ಪ, "ಆಯಿ, ಯಾಕ್ರಿ ಅಳಾಕತ್ತೀರಿ?" ಎಂದ. ಶೇಂಗಾದ ಧೂಳು ಎಂದು ಹೇಳಿ ಬಂದೆ.

ನಿನ್ನೆ ಹಾಲೆರೆಯಲು ಮೊಮ್ಮಗನ ಹೆಂಡತಿಯ ಜೊತೆ ಹುತ್ತಕ್ಕೆ ಹೋದೆ. ದೇವರ ಪಾಲ, ಗುರುವಿನ ಪಾಲ, ಅಪ್ಪನ ಪಾಲ, ಅವ್ವನ ಪಾಲ ಎಂದೆ. ಈ ಸಲ ನಾಲಿಗೆ ತಡೆಯಲಿಲ್ಲ. "ಅಣ್ಣನ ಪಾಲ," ಎಂದು ಬಟ್ಟಲನ್ನು ಬೋರಲು ಹಾಕಿದೆ. ಹಾಲೆಲ್ಲ ಹುತ್ತದ ಮೇಲಿಂದ ಹರಿದು ಎರೆಮಣ್ಣಿನಲ್ಲಿ ಇಳಿಯಿತು. ಆ ಹುಡುಗಿ ನನ್ನ ಮುಖ ನೋಡಿ, ಮೆಲ್ಲಗೆ ಬಟ್ಟಲಿಗೆ ಕೈಹಾಕಿದಳು.

"ಬಿಡ್ರಿ ಆಯಿ, ಖಾಲಿ ಆತು," ಎಂದಳು.

ನಾನು ಹಿಡಿದೇ ಇದ್ದೆ.